ಅಪ್ಪ ಸುಮ್ಮನಾದರೆ ಗಾಡಿ ಛಲೋ

ಅಪ್ಪ ನನ್ನ ಮೇಲೆ ಮುನಿಸಿಕೊಂಡಿದ್ದಾನೆ ಎಂದು ನಾನು ನಾಲ್ಕು ತಿಂಗಳು ತಿಳಿದಿದ್ದೆ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಊಟಕ್ಕೆ ಬಾ ಎಂದರೆ ಕೂತಲ್ಲೇ ಕೂತಿರುತ್ತಿದ್ದ. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲೇ ಉಳಿದ ಮಗಳ ಮೇಲೆ ಬೇಸರ ಬಂದಿರಬೇಕು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಆ ಪುಟವನ್ನು ಈಗ ಓದಲು ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಅಪ್ಪನ ಬೆನ್ನ ಹಿಂದೆಯೇ ಕುಕ್ಕರು ನಾಲ್ಕು ಸಲ ಕೂಗಿತು. ಹಿತ್ತಲಿನಿಂದ ಅವ್ವ, "ಗ್ಯಾಸ್ ಬಂದ್ ಮಾಡ್ರೀ" ಎಂದು ಚೀರಿದಳು. ಅಪ್ಪ ನಿಧಾನವಾಗಿ ಪೇಪರಿನ ಪುಟ ತಿರುವಿದ. ಆಗ ನನಗೆ ತಿಳಿಯಿತು. ಲಾರಿಯ ಸದ್ದು, ಗಂಡಸರ ದಪ್ಪ ದನಿ ಇನ್ನೂ ಅವನಿಗೆ ಕೇಳಿಸುತ್ತಿದ್ದವು. ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಹೋಗಿಬಿಟ್ಟಿದ್ದವು. ನನ್ನ ದನಿ ಮೊದಲೇ ಸಣ್ಣದು. ಅಪ್ಪ ಎಲ್ಲಕ್ಕಿಂತ ಮೊದಲು ಕಳೆದುಕೊಂಡದ್ದು ಅದನ್ನೇ ಇರಬೇಕು.

ಬೇರೆ ಮನೆಯಲ್ಲಾಗಿದ್ದರೆ ಇದು ವಯಸ್ಸಿನ ಮಾತು. ನನ್ನಪ್ಪ ಗ್ಯಾರೇಜಿನ ಮೌಲಾಹುಸೇನ ಮಿಸ್ತ್ರಿ. ಗಂಗಾವತಿಯಲ್ಲಿ ಯಾರೇ ಹಳೆಯ ಗಾಡಿ ಕೊಳ್ಳಲಿ, ಮೊದಲು ಅವನನ್ನು ಕರೆದೊಯ್ಯುತ್ತಾರೆ. ಅವನ ಹತ್ತಿರ ಕಟ್ಟಿಗೆಯ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರ್ ಇದೆ. ಅದರ ತುದಿಯನ್ನು ಓಡುವ ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚುತ್ತಾನೆ. ದೋಷವಿದ್ದರೆ ಒಂದೇ ಮಾತು: "ಬ್ಯಾಡ." ಇಲ್ಲದಿದ್ದರೆ ಏನೂ ಅನ್ನುವುದಿಲ್ಲ. ಯಂತ್ರವನ್ನು ಹೊಗಳಿದರೆ ಕೆಟ್ಟ ಕಣ್ಣಿನ ನದರು ತಾಗುತ್ತದೆ ಎಂದು ಅವನ ನಂಬಿಕೆ. ಹೆಗಲ ಮೇಲಿನ ಬಟ್ಟೆಯಿಂದ ಸ್ಕ್ರೂಡ್ರೈವರ್ ಒರೆಸಿ ಜೇಬಿಗಿಡುತ್ತಾನೆ, ಅಷ್ಟೇ. ಮಿಸ್ತ್ರಿ ಸುಮ್ಮನಾದರೆ ಗಾಡಿ ಛಲೋ ಎಂಬುದು ಕೊಪ್ಪಳದಿಂದ ಕುಷ್ಟಗಿಯವರೆಗೆ ಎಲ್ಲರಿಗೂ ಗೊತ್ತು. ಕೇಳಿಸದೆಯೂ ಒಬ್ಬ ಮಿಸ್ತ್ರಿ ಸುಮ್ಮನಿರಬಹುದು ಎಂದು ಯಾರೂ ಯೋಚಿಸಿರಲಿಲ್ಲ.

ಹೋದ ತಿಂಗಳು ಹನುಮನಹಳ್ಳಿಯ ವಿರುಪಾಕ್ಷಿ ಗ್ಯಾರೇಜಿಗೆ ಬಂದಿದ್ದರು. ಬೆಟ್ಟಕ್ಕೆ ಬರುವ ಯಾತ್ರಿಕರನ್ನು ಕರೆದೊಯ್ಯಲು ಅವರು ಅಪ್ಪನಿಗೆ ತೋರಿಸಿಯೇ ಒಂದು ಹಳೆಯ ವ್ಯಾನು ಕೊಂಡಿದ್ದರು. ಹದಿನೈದೇ ದಿನಕ್ಕೆ ಅದರ ಇಂಜಿನ್ ದಾರಿಯಲ್ಲಿ ಹಿಡಿದುಕೊಂಡು ನಿಂತುಹೋಗಿತ್ತು. ಅವರು ಬೈಯಲಿಲ್ಲ. "ನೀವು ಏನೂ ಅನ್ಲಿಲ್ಲ ಅಂತ ತಗೊಂಡೆ ಕಾಕಾ" ಎಂದಷ್ಟೇ ಅಂದು ಹೋದರು. ಆ ಸಂಜೆ ಅಪ್ಪ ಸೀಮೆಎಣ್ಣೆಯಲ್ಲಿ ಆ ಸ್ಕ್ರೂಡ್ರೈವರನ್ನು ತೊಳೆಯುತ್ತಲೇ ಇದ್ದ, ತಪ್ಪು ಅದರದೇ ಎಂಬಂತೆ.

ಅಂದಿನಿಂದ ಎಲ್ಲಿ ಹೊರಟರೂ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಳ್ಳುತ್ತಾನೆ. ಹಿಂದಿನಿಂದ ಗಾಡಿ ಬಂದರೆ ನಾನು ಅವನ ಹೆಗಲು ತಟ್ಟುತ್ತೇನೆ. ಅವನು ಎಡಕ್ಕೆ ಸರಿಯುತ್ತಾನೆ. ಯಾಕೆ ತಟ್ಟುತ್ತೀ ಎಂದು ಅವನು ಕೇಳಿಲ್ಲ, ನಾನೂ ಹೇಳಿಲ್ಲ. ಅವ್ವನಿಗೂ ಗೊತ್ತಿಲ್ಲ. ಡೈರಿಗೆ ಮಾತ್ರ ಗೊತ್ತು.

ಹೀಗೆ ಕಳೆದ ಗುರುವಾರ ಅಬ್ದುಲರೌಫ ಚಾಚಾರ ಯಾರ್ಡಿಗೆ ಹೋದೆವು. ಕೊಪ್ಪಳ ರಸ್ತೆಯಲ್ಲಿ ತಗಡಿನ ಚಪ್ಪರ ಹಾಕಿ ಅವರು ಹಳೆಯ ಕಾರು ಮಾರುತ್ತಾರೆ. ಕರೆಸಿದವರು ಕುಷ್ಟಗಿಯ ಗಾಳೇಶ. ಗ್ರಾನೈಟ್ ಪಾಲಿಶ್ ಮಾಡುವ ಸಣ್ಣ ಘಟಕ ನಡೆಸುವವರು. ಅವರಿಗೆ ಬೇಕಾದದ್ದು ಶೋಕಿ ಕಾರು: ನೆಲಕ್ಕೆ ಹತ್ತಿದಂತಿರುವ, ಎರಡೇ ಬಾಗಿಲಿನ, ಹಿಂದೆ ಇಳಿಜಾರಾದ ಗಾಜಿನದು. ಅಂಥವು ನಮ್ಮ ಕಡೆ ಬರುವುದೇ ಅಪರೂಪ. ಚಾಚಾ ಹೈದರಾಬಾದಿನಿಂದ ಎರಡು ತರಿಸಿದ್ದರು. ಒಂದು ಕೆಂಪು, ಒಂದು ನೀಲಿ.

ಗಾಳೇಶರ ತಾಯಿ ಶಿವಲಿಂಗಮ್ಮ ಕೆಂಪು ಕಾರಿನ ಸುತ್ತ ಒಂದು ಸುತ್ತು ಹಾಕಿದರು. "ಏ ಗಾಳೇಶಾ, ಹಿಂದ ಬಾಗಿಲಾನ ಇಲ್ಲಲ್ಲೋ ಇದಕ್ಕ. ನಾ ಎಲ್ಲಿ ಹತ್ಲಿ?"

"ಮುಂದ ಹತ್ತಬೇ, ನನ್ನ ಬಾಜೂಕ."

"ಮತ್ತ ಆ ಹಿಂದಿನ ಸೀಟು?"

"ಅದು ಚೀಲಾ ಇಡಾಕ."

"ನಾಳೆ ಹೆಂಡ್ತಿ ಬಂದ್ಲಂದ್ರ ನನ್ನ ಮಡಚಿ ಅಲ್ಲೇ ಇಡ್ತಿ, ಹೌದಿಲ್ಲೋ?"

ಚಾಚಾ ಗಟ್ಟಿಯಾಗಿ ನಕ್ಕರು. ಗಾಳೇಶ ನಗಲಿಲ್ಲ. ಕೆಂಪು ಬಾಗಿಲಿನ ಮೇಲೆ ಅಂಗೈಯಾಡಿಸುತ್ತ, "ಅಪ್ಪ ಹೋದ ಮ್ಯಾಲೆ ಹದಿನೈದು ವರ್ಷ ಟೆಂಪೋದಾಗ ಕಲ್ಲಿನ ಮ್ಯಾಲೆ ಕುಂತು ಅಡ್ಡಾಡೀವಿ ನಾವು. ಈಗ ಇಬ್ಬರ ಅದೀವಿ. ಎರಡು ಬಾಗಿಲಾ ಸಾಕು" ಎಂದರು.

ಶಿವಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಬೇರೆ ಕಡೆ ನೋಡಿದರು.

ನೀಲಿ ಕಾರು ನೋಡಲು ಚೆಂದವಿರಲಿಲ್ಲ. ಮೇಲಿನ ಬಣ್ಣ ಬಿಸಿಲಿಗೆ ಸುಣ್ಣದಂತಾಗಿತ್ತು. "ಖರೆ ಹೇಳ್ತೀನಿ, ಯಲಬುರ್ಗಾದವರೊಬ್ರು ಆರು ತಿಂಗಳು ಓಡ್ಸಿ ವಾಪಸ್ ಕೊಟ್ಟಾರ. ಅಲ್ಲಿ ರೋಡಿನ ಹಂಪ್ ಮ್ಯಾಲೆ ಇದರ ಹೊಟ್ಟಿ ತಿಕ್ಕೇತಿ" ಎಂದರು ಚಾಚಾ. "ಕೆಂಪದು ನೋಡ್ರಿ, ಮದುಮಗಳು."

ಅಪ್ಪ ಎರಡೂ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟ. ನೀಲಿಯದು ತಣ್ಣಗಿತ್ತು. ಚಾಲು ಮಾಡಿಸಿ, ಸ್ಕ್ರೂಡ್ರೈವರ್ ಇಟ್ಟು ಕೇಳಿದ. ನಾನೂ ಪಕ್ಕದಲ್ಲಿ ನಿಂತು ಕೇಳಿದೆ. ದೂರದ ಹಿಟ್ಟಿನ ಗಿರಣಿಯಂತೆ ಒಂದೇ ಸಮ ಓಡುತ್ತಿತ್ತು. ಅಪ್ಪ ಏನೂ ಅನ್ನದೆ ಒರೆಸಿ ಜೇಬಿಗಿಟ್ಟ. ಕೆಂಪು ಕಾರಿನ ಬಾನೆಟ್ ಬೆಚ್ಚಗಿತ್ತು.

"ತಣ್ಣಗಾಗ್ಲಿ" ಎಂದ.

"ಬೆಳಿಗ್ಗೆ ತೊಳ್ಯಾಕ ಹೊರಗ ತಂದಿದ್ವಿ ಮೌಲಾಭಾಯ್, ಅದಕ್ಕ" ಎಂದರು ಚಾಚಾ. ಅಪ್ಪ ಆಗಲೇ ನೆರಳಿಗೆ ನಡೆದಿದ್ದ.

ಚಹಾ ಬಂತು. ಇಂಜಿನ್ ತಣ್ಣಗಾಗಲು ಯಾಕೆ ಕಾಯಬೇಕು ಎಂಬುದು ನನಗೆ ಎಂಟನೇ ವಯಸ್ಸಿನಲ್ಲೇ ಗೊತ್ತಾಗಿತ್ತು. ಒಮ್ಮೆ ಗ್ಯಾರೇಜಿನಲ್ಲಿ ಅಪ್ಪ ಸ್ಕ್ರೂಡ್ರೈವರಿನ ಹಿಡಿಯನ್ನು ನನ್ನ ಕಿವಿಗೆ ಒತ್ತಿ, "ಏನ್ ಕೇಳ್ತು?" ಎಂದು ಕೇಳಿದ್ದ. ಡಬ್ಬಿಯಲ್ಲಿ ಬಳೆ ಹಾಕಿ ಅಲ್ಲಾಡಿಸಿದ ಹಾಗೆ ಎಂದಿದ್ದೆ. "ಹಾಂ. ಅದು ಒಳಗಿನ ಚೈನು. ಸಡ್ಲಾಗೇತಿ. ತಣ್ಣಗಿದ್ದಾಗ ಚಾಲೂ ಮಾಡಿದ ಕೂಡ್ಲೆ ಎರಡು ಸೆಕೆಂಡ್ ಅಷ್ಟ ಕೇಳ್ತೈತಿ. ಬಿಸಿಯಾತಂದ್ರ ಮುಚ್ಚಿಕೊಂಡುಬಿಡ್ತೈತಿ. ಒಂದಿನ ಹರೀತಂದ್ರ ಓಡೋ ದಾರ್ಯಾಗ ಇಂಜಿನ್ ಸತ್ತಂಗ." ಅವನು ನನ್ನೊಡನೆ ಅಷ್ಟು ಉದ್ದ ಮಾತಾಡಿದ್ದು ನನಗೆ ಬೇರೆ ನೆನಪಿಲ್ಲ.

ಶಿವಲಿಂಗಮ್ಮ ನನ್ನ ಪಕ್ಕಕ್ಕೆ ಬಂದು ಕೂತರು. ಹೆಸರು ಕೇಳಿದರು. ಖುಷ್ಬು ಎಂದೆ. ಎಷ್ಟು ಓದಿದ್ದೀ ಎಂದು ಕೇಳಿದರು. ಅದಕ್ಕೂ ಒಂದೇ ಮಾತಿನ ಉತ್ತರ ಕೊಟ್ಟೆ.

"ಈಕಿ ಮಾತ ಆಡಂಗಿಲ್ಲಲ್ರಿ!"

"ಅಪ್ಪನ ಮಗಳು ಅಮ್ಮಾರ" ಎಂದರು ಚಾಚಾ. "ಅವರ ಮನ್ಯಾಗ ಮಾತಾಡೂದು ಕುಕ್ಕರ್ ಒಂದ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ಒಂದು ಗಳಿಗೆ ತಡವಾಗಿ, ಎಲ್ಲರ ಬಾಯಿ ನೋಡಿದ ಮೇಲೆ. ನಾನು ಚಹಾದ ಲೋಟ ಕೆಳಗಿಟ್ಟೆ.

ಶಿವಲಿಂಗಮ್ಮ ಕೈಚೀಲ ತೆರೆದು ತೋರಿಸಿದರು. ತೆಂಗಿನಕಾಯಿ, ಊದಿನಕಡ್ಡಿ, ನಾಲ್ಕು ನಿಂಬೆಹಣ್ಣು. "ಹನುಮಸಾಗರದಾಗ ನನ್ನ ತಂಗಿ ಅದಾಳ. ಇವತ್ತ ಇದರಾಗ ಹೋಗಿ ಆಕಿ ಬಾಗಿಲಾಗ ಇಳೀಬೇಕು ನಾನು. ಮಿಸ್ತ್ರಿ ಸುಮ್ಮನಾದ್ರ ಸಾಕು, ಇಲ್ಲೇ ಕಾಯಿ ಒಡೀತೀನಿ."

ಒಂದು ತಾಸು ಕಳೆಯಿತು. ಅಪ್ಪ ಮತ್ತೆ ಅಂಗೈ ಇಟ್ಟು ನೋಡಿ, ಬಾನೆಟ್ ಎತ್ತಿಸಿ, ಸ್ಕ್ರೂಡ್ರೈವರ್ ತೆಗೆದ. ತುದಿ ಇಂಜಿನ್ನಿಗೆ, ಹಿಡಿ ಕಿವಿಯ ಹಿಂದೆ. ಕಣ್ಣು ಮುಚ್ಚಿದ. ಚಾಚಾ ಕೀ ತಿರುಗಿಸಿದರು.

ಡಬ್ಬಿಯಲ್ಲಿ ಬಳೆ. ಎರಡು ಸೆಕೆಂಡು, ಅಷ್ಟೇ. ಆಮೇಲೆ ಕೆಂಪು ಕಾರು ಗಂಭೀರವಾಗಿ ಗುಡುಗತೊಡಗಿತು. ಗಾಳೇಶರ ಮುಖ ಅರಳಿತು.

ಅಪ್ಪನ ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ಕಣ್ಣು ತೆರೆದ. ಇಂಜಿನ್ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ರಸ್ತೆಯಲ್ಲಿ ನನ್ನ ಕೈಗಾಗಿ ಅವನ ಹೆಗಲು ಕಾಯುವುದು ನನಗೆ ಗೊತ್ತು. ಅದೇ ಕಾಯುವಿಕೆ ಅವನ ಕಣ್ಣಲ್ಲಿತ್ತು. ನಾನು ಬಾಯಿ ತೆರೆದರೆ ಕೇಳುವವರು ಮೂವರಿದ್ದರು. ಸಂಜೆಯೊಳಗೆ ಅದು ಊರಿಗೆಲ್ಲ ಗೊತ್ತಾಗುತ್ತಿತ್ತು. ಕಿವುಡ ಮಿಸ್ತ್ರಿಯ ಗ್ಯಾರೇಜಿಗೆ ಯಾರು ಬರುತ್ತಾರೆ? ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡಿದೆ.

ತಲೆ ಎತ್ತಿದಾಗ ಅಪ್ಪ ಸ್ಕ್ರೂಡ್ರೈವರ್ ಒರೆಸುತ್ತಿದ್ದ.

"ಮುಗೀತು! ಎರಡಕ್ಕೂ ಸುಮ್ಮನಾದ್ರು" ಎಂದರು ಗಾಳೇಶ. "ಎರಡೂ ಛಲೋ ಅಂದ್ರ ಕೆಂಪದ ಇರ್ಲಿ. ಯವ್ವಾ, ಕಾಯಿ ತಗೀ."

ಶಿವಲಿಂಗಮ್ಮ ಊದಿನಕಡ್ಡಿ ಹಚ್ಚಿದರು. ನಾಲ್ಕು ನಿಂಬೆಹಣ್ಣನ್ನು ನನ್ನ ಬೊಗಸೆಯಲ್ಲಿಟ್ಟರು. "ನನಗ ಬಗ್ಗಾಕ ಆಗಂಗಿಲ್ಲ ಮಗಳ. ನಾಕೂ ಗಾಲಿಗೆ ಒಂದೊಂದು ಇಡು. ಹೆಣ್ಣುಮಕ್ಕಳ ಕೈಲೆ ಇಟ್ರ ಛಲೋ."

ನಾನು ಮುಂದಿನ ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತೆ. ಒಂದು ನಿಂಬೆಹಣ್ಣು ಇಟ್ಟೆ. ಕಿವಿಯ ಪಕ್ಕದಲ್ಲೇ ಇಂಜಿನ್ ಓಡುತ್ತಲೇ ಇತ್ತು, ಬಿಸಿಯಾಗಿ, ಎಲ್ಲವನ್ನೂ ಮುಚ್ಚಿಕೊಂಡು. ಹನುಮಸಾಗರದಲ್ಲಿ ಒಬ್ಬಾಕೆ ಬಾಗಿಲಿಗೆ ಬಂದು ದಾರಿ ನೋಡುವುದು ಕಣ್ಣಿಗೆ ಕಟ್ಟಿತು. ಎರಡನೆಯ ಗಾಲಿಯ ಹತ್ತಿರ ಹೋದೆ. ಕೈ ಮುಂದೆ ಹೋಗಲಿಲ್ಲ. "ನೀವು ಏನೂ ಅನ್ಲಿಲ್ಲ ಅಂತ ತಗೊಂಡೆ ಕಾಕಾ." ಆ ದಿನ ಏನೂ ಅನ್ನದೆ ನಿಂತವಳು ನಾನೂ ಹೌದು. ಅಂದೂ ನಾನು ಗ್ಯಾರೇಜಿನ ಬಾಗಿಲಲ್ಲೇ ಇದ್ದೆ, ವಿರುಪಾಕ್ಷಿ ತಲೆ ತಗ್ಗಿಸಿ ಹೋಗುವುದನ್ನು ನೋಡಿದ್ದೆ, ಮನೆಗೆ ಬಂದು ಡೈರಿ ಬರೆದಿದ್ದೆ.

ಎದ್ದೆ. ಮೂರು ನಿಂಬೆಹಣ್ಣು ಬೊಗಸೆಯಲ್ಲೇ ಇದ್ದವು. ಅಪ್ಪ ನನಗೆ ಬೆನ್ನು ಮಾಡಿ, ಗಾಳೇಶರ ತುಟಿ ನೋಡುತ್ತ ನಿಂತಿದ್ದ. ಹಣ್ಣುಗಳನ್ನು ಒಂದೇ ಕೈಗೆ ತೆಗೆದುಕೊಂಡು ಅವನ ಹೆಗಲು ತಟ್ಟಿದೆ.

ಅಪ್ಪ ತಿರುಗಿ ನೋಡಲಿಲ್ಲ. ಎಡಕ್ಕೆ ಸರಿದು ದಾರಿ ಬಿಟ್ಟ.

ಮತ್ತೆ ತಟ್ಟಿದೆ. ಈ ಸಲ ತಿರುಗಿದ. ಗಾಳೇಶ, ಚಾಚಾ, ಶಿವಲಿಂಗಮ್ಮ ಮೂವರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಗಟ್ಟಿಯಾಗಿ ನಾನು ಹುಟ್ಟಿದಾಗಿನಿಂದ ಕೂಗಿರಲಿಕ್ಕಿಲ್ಲ. ಚಪ್ಪರದ ತಗಡು ಕೂಡ ನನ್ನ ದನಿಯನ್ನು ತಿರುಗಿ ಕೊಟ್ಟಿತು.

"ಅಪ್ಪಾ, ಚೈನ್ ಸಡ್ಲಾಗೇತಿ. ನಿನಗ ಕೇಳಿಲ್ಲ. ನನಗ ಕೇಳೇತಿ."