ಹರಾಜಿಗೆ ಬಂದ ಮರದ ಕುದುರೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಗಡುವು ಹಾಕಿಕೊಟ್ಟಿದ್ದಾರೆ. ಅಕ್ಕ ತಂಗಿಯರ ಜಗಳಕ್ಕೆ ಯಾವ ಪುಣ್ಯಾತ್ಮನೂ ಗಡುವು ಹಾಕಲಿಲ್ಲ. ಹಾಕಿದ್ದರೆ ನಾನೂ ನನ್ನ ಷಡ್ಡಕನೂ ಎರಡು ವರ್ಷ ಕಳ್ಳರ ಹಾಗೆ ಕ್ಷೌರದಂಗಡಿಯಲ್ಲಿ ಭೇಟಿಯಾಗಬೇಕಿರಲಿಲ್ಲ. ಪಾಪ, ಅವನ ತಲೆಯಲ್ಲಿ ಕೂದಲೇ ಇಲ್ಲ.

ಜಗಳ ಒಂದು ಮರದ ಕುದುರೆಯದು. ನಮ್ಮ ಮಾವ ಫೋಟೊ ಸ್ಟುಡಿಯೊ ಇಟ್ಟಿದ್ದರು. ಮಕ್ಕಳನ್ನು ಆ ಕುದುರೆಯ ಮೇಲೆ ಕೂರಿಸಿ ಫೋಟೊ ತೆಗೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಸ್ಟುಡಿಯೊದ ಸಾಮಾನನ್ನೆಲ್ಲ ಊರಾಚೆಯ ಗೋದಾಮಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಬಟ್ಟೆ ಹೊದಿಸಿದ್ದುದನ್ನು ಸರಿಸಿಯೂ ನೋಡದೆ ಕೂಲಿಯವರಿಂದ ತುಂಬಿಸಿ, ಷಟರ್ ಎಳೆದು ಬೀಗ ಹಾಕಿದೆವು. ಕರಾರಿಗೆ ಅಕ್ಕ ತಂಗಿ ಇಬ್ಬರದೂ ಸಹಿ. ಆಮೇಲೆ ಕುದುರೆ ಯಾರ ಮನೆಗೆ ಎಂಬಲ್ಲಿ ಮಾತಿಗೆ ಮಾತು ಬೆಳೆಯಿತು, ಮಾತೇ ನಿಂತಿತು, ಕೊನೆಗೆ ಬಾಡಿಗೆಯೂ ನಿಂತಿತು. ಕುದುರೆ ಬೇಕಾದವಳು ಕಟ್ಟಿಕೊಳ್ಳಲಿ ಎಂದಳು ನನ್ನವಳು. ತಂಗಿಯೂ ಅಕ್ಷರ ಬಿಡದೆ ಅದನ್ನೇ ಹೇಳುತ್ತಿದ್ದಾಳೆಂದು ಕ್ಷೌರದಂಗಡಿಯಲ್ಲಿ ತಿಳಿಯಿತು.

ಗೋದಾಮಿನ ಮ್ಯಾನೇಜರಮ್ಮ ನೋಟಿಸು ಕಳಿಸಿದರು. ಬಾಕಿ ಕಟ್ಟದಿದ್ದರೆ ಬೀಗ ಕತ್ತರಿಸಿ, ಕೋಣೆಯಲ್ಲಿದ್ದುದನ್ನು ಇದ್ದ ಹಾಗೇ ಹರಾಜು ಹಾಕುತ್ತಾರಂತೆ. ನಾನು ಕಟ್ಟಲು ಹೊರಟರೆ ಹೆಂಡತಿ ನನ್ನ ಚಪ್ಪಲಿ ಬಚ್ಚಿಟ್ಟಳು. ಬಾಕಿ ಕಟ್ಟಿದರೆ ಕೋಣೆ ಮತ್ತೆ ಇಬ್ಬರದೂ ಆಗುತ್ತದೆ, ಹರಾಜಿನಲ್ಲಿ ಕೂಗಿ ಗೆದ್ದರೆ ತನ್ನೊಬ್ಬಳದೇ ಎಂಬುದು ಅವಳ ಲೆಕ್ಕ. ಇಂಥ ತಲೆ ಇನ್ಯಾರಿಗಿದೆ ಎಂದು ನಾನು ಒಳಗೊಳಗೇ ಬೀಗಿದೆ. ತಂಗಿಗೂ ಇತ್ತು.

ಹರಾಜಿನ ದಿನ ಇಬ್ಬರೂ ಗಂಡಂದಿರನ್ನು ಎಳೆದುಕೊಂಡು ಬಂದರು. ಮ್ಯಾನೇಜರಮ್ಮ ಬೀಗ ಕತ್ತರಿಸಿ ಷಟರ್ ಎತ್ತಿ ನಿಯಮ ಹೇಳಿದರು: ಹೊಸ್ತಿಲಾಚೆಯಿಂದ ನೋಡಬಹುದು, ಒಳಗೆ ಕಾಲಿಡುವಂತಿಲ್ಲ, ಮೂರನೇ ಸಲ ಕೂಗುವ ತನಕ ಬಾಡಿಗೆದಾರರು ಬಾಕಿ ಕಟ್ಟಿ ಬಿಡಿಸಿಕೊಳ್ಳಬಹುದು, ಕರಾರಿನಲ್ಲಿರುವವರೆಲ್ಲ ಸಹಿ ಹಾಕಬೇಕು. ಕೊನೆಯದು ನಮ್ಮವರಿಬ್ಬರ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ಅವರ ಕಣ್ಣೆಲ್ಲ ಕೋಣೆಯ ನಡುವೆ ಬಿಳಿ ಬಟ್ಟೆ ಹೊದ್ದು ಆಳೆತ್ತರಕ್ಕೆ ನಿಂತಿದ್ದುದರ ಮೇಲಿತ್ತು. ನನ್ನವಳು ನನ್ನನ್ನು ಚಿವುಟಿದಳು. ಆ ಕಡೆ ಷಡ್ಡಕನೂ ತೋಳು ಉಜ್ಜಿಕೊಳ್ಳುತ್ತಿದ್ದ.

ಕೂಗು ಶುರುವಾಯಿತು. ಅಕ್ಕ ಒಂದು ಕೂಗಿದರೆ ತಂಗಿ ಅದರ ಮೇಲೆ ಇನ್ನೊಂದು. ಹಳೇ ಡಬ್ಬ ಸಿಕ್ಕೀತೆಂದು ಬಂದಿದ್ದ ಗುಜರಿಯವನು ಇಬ್ಬರು ಮರ್ಯಾದಸ್ಥ ಹೆಂಗಸರು ಹೀಗೆ ಹಲ್ಲು ಕಡಿಯುವುದನ್ನು ಕಂಡು, ಬಟ್ಟೆಯಡಿ ನಿಧಿಯೇ ಇರಬೇಕೆಂದು ತಾನೂ ಧುಮುಕಿದ. ನನ್ನವಳು ಇನ್ನೂ ಮೇಲೆ ಕೂಗಿ ನನ್ನತ್ತ ತಿರುಗಿ ನೋಡಿದಳು. ನನ್ನ ಸ್ಕೂಟರು ಹೋಯಿತೆಂದು ಗೊತ್ತಾಯಿತು. ಮುಂದಿನ ಕೂಗಿಗೆ ಷಡ್ಡಕನ ಮುಖ ಬಿಳಿಚಿತು. ಅವನ ಹೊಸ ಫ್ರಿಜ್ಜು ಹೋಗಿತ್ತು. ನಾವಿಬ್ಬರೂ ಹೆದರಿಕೆಗೋ ಏನೋ ಕಿಸಕ್ಕನೆ ನಕ್ಕುಬಿಟ್ಟೆವು, ಮತ್ತೆ ಚಿವುಟಿಸಿಕೊಂಡೆವು. ಅಷ್ಟರಲ್ಲಿ ಗುಜರಿಯವನು ಕಣ್ಣು ಮುಚ್ಚಿ ಒಂದು ಕೂಗು ಹಾಕಿದ. ಅದರ ಮೇಲೆ ಹೋಗಲು ನಮ್ಮೆರಡು ಮನೆಯಲ್ಲೂ ಏನೂ ಉಳಿದಿರಲಿಲ್ಲ.

ಒಂದನೇ ಸಲ ಎಂದರು ಮ್ಯಾನೇಜರಮ್ಮ. ಮಾವನ ಕುದುರೆ ಗುಜರಿಗೆ ಹೊರಟಿತ್ತು. ನನ್ನವಳ ಕಣ್ಣು ತುಂಬಿತು.

ಎರಡನೇ ಸಲ.

ನನ್ನವಳು ತಂಗಿಯ ಕಡೆ ತಿರುಗಿದಳು.

"ಬಾಕಿ ಕಟ್ಬಿಡೋಣ್ವೇನೇ?"

ತಂಗಿ ಆಗಲೇ ಚೀಲ ತಡಕಾಡುತ್ತಿದ್ದಳು. "ಪೆನ್ನು ಕೊಡು ಅಕ್ಕ," ಎಂದಳು.

ಎರಡು ವರ್ಷದ ಮೇಲೆ ಆಡಿದ ಮಾತು ಇಷ್ಟೇ. ಒಂದೇ ಪೆನ್ನಿನಲ್ಲಿ ಇಬ್ಬರೂ ಸಹಿ ಹಾಕಿದರು. ಬಾಕಿ ಎಷ್ಟೆಂದು ನೋಡಿದರೆ ನನ್ನ ಸ್ಕೂಟರಿನ ಒಂದು ಚಕ್ರಕ್ಕೂ ಸಮವಿರಲಿಲ್ಲ. ಗುಜರಿಯವನು ಬದುಕಿದೆ ಎಂದು ನೆಲಕ್ಕೇ ಕುಸಿದು ಕೂತ. ಪಾಪ, ತನ್ನ ಲಾರಿಯನ್ನೇ ಕೂಗಿಬಿಟ್ಟಿದ್ದನಂತೆ.

ಒಳಗೆ ಹೋಗಿ ಬಟ್ಟೆ ಎಳೆದೆವು. ಎತ್ತರದ ಮೇಜು. ಮೇಜಿನ ಮೇಲೆ ಒಂದು ಪುಟ್ಟ ಕುದುರೆ, ಕೆಳಗಿಳಿಸಿದರೆ ನನ್ನ ಮೊಣಕಾಲಿಗೆ ಬಂತು. ಇದಕ್ಕೆ ಜಾಗ ಸಾಲದೆಂದು ನನ್ನವಳು ಊಟದ ಮೇಜನ್ನೇ ಮಾರಿಸಿದ್ದಳು. ಎರಡು ವರ್ಷದಿಂದ ನಾವು ನೆಲದ ಮೇಲೆ ಉಣ್ಣುತ್ತಿದ್ದೇವೆ.

"ಇಷ್ಟೇನಾ ಇದ್ದಿದ್ದು?" ಎಂದಳು ತಂಗಿ.

"ನಾವೇ ಇಷ್ಟಿದ್ವಿ ಕಣೇ," ಎಂದಳು ಅಕ್ಕ.

ಇಬ್ಬರೂ ನಗತೊಡಗಿದರು. ನಕ್ಕು ನಕ್ಕು ಒಬ್ಬರಿಗೊಬ್ಬರು ಒರಗಿ ಧೂಳಿನಲ್ಲೇ ಕೂತರು. ನನಗೂ ಷಡ್ಡಕನಿಗೂ ಕುಣಿಯುವಷ್ಟು ಖುಷಿ. ಸ್ವಲ್ಪ ಕುಣಿದೆವು ಕೂಡ. ಅಷ್ಟರಲ್ಲಿ ಅಕ್ಕ ಕುದುರೆಯನ್ನು ಚಿಕ್ಕವಳೇ ಇಟ್ಟುಕೊಳ್ಳಲಿ ಎಂದಳು. ಎಲ್ಲಾದರೂ ಉಂಟೇ, ದೊಡ್ಡವಳ ಮನೆಗೇ ಹೋಗಬೇಕು ಎಂದಳು ತಂಗಿ. ಹೇಳಿದ ಮೇಲೆ ಕೇಳಬೇಕು ಎಂದಳು ಅಕ್ಕ. ದನಿ ಏರತೊಡಗಿತು.

ನಾವು ಗಂಡಸರು ಮುಖ ಮುಖ ನೋಡಿಕೊಂಡು ಕುದುರೆಯನ್ನು ಮತ್ತೆ ಮೇಜಿಗೇರಿಸಿ, ಬಟ್ಟೆ ಹೊದಿಸಿ, ಷಟರ್ ಎಳೆದು ಹೊಸ ಬೀಗ ಜಡಿದೆವು. ಅಕ್ಕ ತಂಗಿ ಈಗಲೂ ವಾರಕ್ಕೊಮ್ಮೆ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೋಗಿ, ಅಲ್ಲೇ ಕೂತು, ನೀನಿಟ್ಟುಕೋ ನೀನಿಟ್ಟುಕೋ ಎಂದು ಮನಸಾರೆ ಜಗಳವಾಡಿ ಬರುತ್ತಾರೆ. ಆ ಕೋಣೆಯ ಬಾಡಿಗೆಯನ್ನು ನಾನು ತಿಂಗಳು ಹುಟ್ಟುವ ಮೊದಲೇ ಓಡಿಹೋಗಿ ಕಟ್ಟುತ್ತೇನೆ. ಷಡ್ಡಕನೂ ಪೂರ್ತಿ ಕಟ್ಟುತ್ತಾನೆ. ಎರಡೆರಡು ಸಲ ಬರುತ್ತಿದೆಯಲ್ಲ ಎಂದು ಮ್ಯಾನೇಜರಮ್ಮ ಕೇಳಿದರು. ಇರಲಿ ಬಿಡಿ ಎಂದೆವು.