ನೀಲಿ ಮೀನಿನ ಉಪ್ಪು

ಹೆಣ ಹೂಳುವ ಕುಣಿಗೆ ಹಾಕಲು ತಂದ ಉಪ್ಪು ಸಾಲುವುದಿಲ್ಲವೆಂದು ಅಂಬರೀಶ ಅಡುಗೆಮನೆಯನ್ನೆಲ್ಲ ತಡಕಾಡಿ, ಕಡೆಗೆ ಮೀನು ಸಾಕಿದ ಗಾಜಿನ ತೊಟ್ಟಿಯ ಕೆಳಗಿನಿಂದ ಬಿಳಿ ಬಕೆಟ್ಟೊಂದನ್ನು ದರದರ ಎಳೆದ.

"ದೊಡ್ಡವ್ವಾ, ಇದ್ರಾಗ ಬೇಕಾದಷ್ಟು ಉಪ್ಪದ. ಒಯ್ಯಲೇನು?"

ಗಂಡನ ಹೆಣದ ಕಾಲ ಬಳಿ ಕೂತಿದ್ದ ಗೋಪಮ್ಮ ತಲೆಯೆತ್ತಿದಳು. ಅದು ಮೀನಿನ ನೀರಿಗೆ ಬೆರೆಸುವ ಉಪ್ಪು, ಹೈದರಾಬಾದಿನಿಂದ ಬರುವಂಥದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಒಯ್ಯಪ್ಪಾ. ಎಲ್ಲಾ ಒಯ್ಯಿ," ಎಂದಳು.

ಬೆಳಗಿನಿಂದ ಅವಳ ಹೊಟ್ಟೆ ಉರಿಯುತ್ತಲೇ ಇತ್ತು. ದೇವದುರ್ಗದಿಂದ, ಮಾನ್ವಿಯಿಂದ ಬಸ್ಸು ಹಿಡಿದು ಬಂದ ನೆಂಟರು ಮೌನಪ್ಪ ಮಾಸ್ತರನ ಮುಖ ನೋಡಿ, ಅವಳ ಕೈ ಹಿಡಿದು ಒಂದೆರಡು ಮಾತಾಡಿ, ಆಮೇಲೆ ತೊಟ್ಟಿಯ ಮುಂದೆ ಗುಂಪುಗಟ್ಟುತ್ತಿದ್ದರು.

"ಮೀನು ನಿನ್ನಿಯಿಂದ ಕಾಳು ಮುಟ್ಟಿಲ್ಲಂತ, ಪಾಪ," ಎಂದಳು ನಾದಿನಿ ಹಣಮಮ್ಮ. "ಮೂಕ ಜೀವ ಖರೆ, ಅಣ್ಣ ಹೋಗಿದ್ದು ಅದಕ್ಕೂ ತಿಳದದ ನೋಡ್ರಿ."

ನಾನೂ ಮುಟ್ಟಿಲ್ಲ, ಯಾರರ ಕೇಳಿದ್ರಾ ಎಂಬ ಮಾತು ಗೋಪಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು.

*

ಮದುವೆಯ ಹೊಸದರಲ್ಲಿ ಮೌನಪ್ಪ ಸಮುದ್ರ ತೋರಿಸುತ್ತೇನೆಂದಿದ್ದ. ಕಲ್ಲೂರಿನ ಹುಡುಗಿ ಗೋಪಮ್ಮ ನಂಬಿಕೊಂಡೇ ಕೂತಳು. ಆತ ಶಾಲೆಯ ಮಕ್ಕಳನ್ನು ಕಾರವಾರಕ್ಕೆ ಕರೆದೊಯ್ದ, ಅವಳನ್ನು ಮಾತ್ರ ಒಯ್ಯಲಿಲ್ಲ. ನಿವೃತ್ತಿಯಾದ ಮೇಲೆ ರಾಯಚೂರಿನ ಮನೆಗೆ ತೊಟ್ಟಿ ತಂದ. ಅದರೊಳಗೆ ಕಡಲಿನಿಂದ ಹಿಡಿದು ತಂದ ನೀಲಿ ಮೀನಿನ ಜೋಡಿ.

ಹೋದ ಬೇಸಿಗೆಯಲ್ಲಿ ಒಂದು ಸತ್ತಿತು. ಇನ್ನೊಂದು ಕೊಡು ಎಂದು ಹೋದರೆ ಮೀನಂಗಡಿಯ ಹಫೀಜ್ ಕೈಯಲ್ಲಾಡಿಸಿದ.

"ಸಮುದ್ರದಾಗ ಹಿಡದಿದ್ದು ಈಗ ಮಾರಾಕ ಬಿಡವಲ್ರು ಮಾಸ್ತರ್. ಕಾಯ್ದೆ ಬಿಗಿ ಆಗ್ಯದ. ಈ ಜಾತಿ ತೊಟ್ಟಿಯಾಗ ಮರಿ ಮಾಡಂಗಿಲ್ಲ. ನಿಮ್ಮದೇ ಕಡೀದು."

ಮೌನಪ್ಪ ಮನೆಗೆ ಬಂದು ಗಾಜಿಗೆ ಹಣೆ ಹಚ್ಚಿ ಕೂತ. "ಬಿಗಿ ಮಾಡಿದ್ದು ಚಲೋನೇ ಆತು. ಖರೆ, ನೀ ಒಬ್ಬಾಕಿನೇ ಉಳದಿಯಲ್ಲ ನನ್ನವ್ವಾ!"

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಗೋಪಮ್ಮನಿಗೆ ಆತ ಒಂದು ದಿನವೂ ಹಾಗೆ ಅಂದಿರಲಿಲ್ಲ. ಅದು ಹೆಣ್ಣೆಂದು ಇವನಿಗೆ ಯಾರು ಹೇಳಿದರು ಎಂದು ಆ ದಿನವೆಲ್ಲ ಕುದ್ದಳು.

*

ಕುಣಿಯ ಬಳಿ ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿ ಮುಗಿಯಿತು. ಒಬ್ಬೊಬ್ಬರೂ ಬಕೆಟ್ಟಿಗೆ ಕೈಹಾಕಿ ಹಿಡಿ ಉಪ್ಪು ಹಾಕತೊಡಗಿದರು. ತಳ ಕಾಣುವುದನ್ನೇ ಗೋಪಮ್ಮ ಕಾಯುತ್ತಿದ್ದಳು. ಮಣ್ಣಿಗೆಂದು ಬಂದಿದ್ದ ಹಫೀಜ್ ಬಕೆಟ್ ನೋಡಿ ಗಾಬರಿಯಾದ.

"ಯವ್ವಾ, ಇದು ಮೀನಿನ ಉಪ್ಪು! ನಾಳಿ ನೀರು ಬದಲಿ ಮಾಡಬೇಕು. ಇದಿಲ್ಲಂದ್ರ ಅದು ಉಳಿಯಂಗಿಲ್ರಿ. ಮೀನು ನನಗ ಕೊಟ್ಟುಬಿಡ್ರಿ. ಹೈದರಾಬಾದಿನ್ಯಾಗ ಒಬ್ಬರು ಇಂಥಾದಕ್ಕ ಹಂಬಲಸಾಕತ್ತಾರ, ಈಗ ಎಲ್ಲೂ ಸಿಗಂಗಿಲ್ಲ. ಮಗಳಂಗ ನೋಡಕೋತಾರ."

ಯಾವನೋ ಒಬ್ಬ ಗಾಜಿಗೆ ಹಣೆ ಹಚ್ಚಿ ಕೂತದ್ದು, ಮೌನಪ್ಪ ರೂಢಿ ಮಾಡಿಸಿದ ಹಾಗೆ ಅದು ಅವನ ಬೆರಳಿನ ಹಿಂದೆ ತಿರುಗುವುದು ಗೋಪಮ್ಮನ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ಸಹಿಸಿಕೊಂಡವಳು ತಾನು, ಈಗ ಅದನ್ನು ಕಂಡವರ ಪಾಲು ಮಾಡುವುದೇ?

ಅಂಬರೀಶನ ಕೈಯಿಂದ ಬಕೆಟ್ ಕಸಿದುಕೊಂಡಳು.

"ದೊಡ್ಡವ್ವಾ, ನೀನಿನ್ನೂ ಹಾಕಿಲ್ಲ!"

"ನಾ ಮಣ್ಣು ಹಾಕತೀನಿ. ಉಪ್ಪು ಆತಗ ಸಾಕು."

ಹಿಡಿ ಮಣ್ಣು ಹಾಕಿ, ಉಳಿದ ಉಪ್ಪನ್ನು ಬಿಂದಿಗೆಯ ಹಾಗೆ ಸೊಂಟಕ್ಕೇರಿಸಿ ಮನೆಗೆ ನಡೆದಳು.

ಮೈ ತೊಳೆದುಕೊಂಡು ತೊಟ್ಟಿಯ ಮುಂದೆ ಕೂತು ಕಾಳು ಹಾಕಿದಳು. ಮೀನು ಕಲ್ಲಿನ ಸಂದಿ ಬಿಟ್ಟು ಬರಲಿಲ್ಲ.

"ಬಾರಬೇ. ನಾ ಏನ್ ತಿಂತೀನೇನು ನಿನ್ನ?"

ಬರಲಿಲ್ಲ. ಗೂಟಕ್ಕೆ ಗಂಡ ದಿನಾ ತೊಡುತ್ತಿದ್ದ ಚೌಕಳಿ ಅಂಗಿ ತೂಗುತ್ತಿತ್ತು. ಗೋಪಮ್ಮ ಅತ್ತಿತ್ತ ನೋಡಿ, ಅದನ್ನು ಸೀರೆಯ ಮೇಲೆಯೇ ತೊಟ್ಟು, ತೋಳನ್ನು ಗಾಜಿಗೆ ಹಚ್ಚಿದಳು.

ಕಲ್ಲಿನ ಹಿಂದೆ ನೀಲಿ ಕದಲಿತು. ಮೀನು ನೆಟ್ಟಗೆ ಬಂದು ಅಂಗಿಯ ತೋಳಿನೆದುರು ನಿಂತು ಬಾಯಿ ತೆರೆಯಿತು.

"ಅಂಗಿ ಗುರ್ತ ಹಿಡದಿ ನೋಡು," ಎಂದು ಗೋಪಮ್ಮ ಹಲ್ಲು ಕಚ್ಚಿ, ಅದರ ಗುಂಡಿಗಳನ್ನು ಒಂದೊಂದಾಗಿ ಕುತ್ತಿಗೆಯವರೆಗೂ ಹಾಕಿಕೊಂಡಳು.