ಎಡಚನ ತೂಬು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಸುಮಾಳ ಮಾವನನ್ನು ಒಪ್ಪಿಸಿ ನೋಡು ಅನ್ನುವುದನ್ನೂ ಸೇರಿಸಬೇಕಿತ್ತು. ಶ್ರೀರಾಂಪುರದ ಅಂಚಿನ ಹೊಸ ಬಡಾವಣೆಯಲ್ಲಿ ಮೂವತ್ತು-ನಲವತ್ತರ ಸೈಟು. ಸುಮಾ ಸರ್ವೆಯರ್, ಮನೆಯ ನಕ್ಷೆಯನ್ನು ತಾನೇ ಕೂತು ಬರೆದಿದ್ದಳು. ಗಂಡ ಶಿವರಾಮು ಕೇಳಿದ್ದು ಮುಂದುಗಡೆ ಕಾರು ನಿಲ್ಲಿಸಲು ಒಂದು ಪೋರ್ಟಿಕೊ, ಮನೆಯಲ್ಲಿದ್ದದ್ದು ಬರೀ ಒಂದು ಸ್ಕೂಟರ್ ಆದರೂ. ಸುಮಾ ಹಠ ಹಿಡಿದು ಬರೆದದ್ದು ಹಿಂದಿನ ಬಲಮೂಲೆಯಲ್ಲಿ ಹತ್ತಡಿ ಚೌಕದ ಕೋಣೆ. ಅದು ಮಾವ ಹುಚ್ಚಯ್ಯನವರಿಗೆ.

ಎಪ್ಪತ್ತಾರು ವರ್ಷದ ಬಾಳಿನಲ್ಲಿ ಹುಚ್ಚಯ್ಯನವರಿಗೆ ತಮ್ಮದು ಅನ್ನುವ ಕೋಣೆ ಇದ್ದದ್ದೇ ಇಲ್ಲ. ಊರಿನಲ್ಲಿ ಒಂದೇ ಅಂಕಣದ ಮನೆ, ಒಂಬತ್ತು ಜನ. ಮೈಸೂರಿಗೆ ಬಂದು ಮೂವತ್ತು ವರ್ಷ ಬೀದಿಬೀದಿಗೆ ನೀರು ಬಿಡುವ ವಾಟರ್‌ಮ್ಯಾನ್ ಆಗಿದ್ದಾಗ ಮಕ್ಕಳಿಗೆ ಒಳಗೆ ಜಾಗ ಬಿಟ್ಟು ಜಗಲಿಯ ಮೇಲೆ ಮಲಗಿದರು. ಈಗ ಚಾಮರಾಜಪುರಂನ ಬಾಡಿಗೆ ಮನೆಯಲ್ಲಿ ನಡುಮನೆ. ನೆಂಟರು ಬಂದರೆ ಚಾಪೆ ಸುತ್ತಿಕೊಂಡು ಎದ್ದುಬಿಡುತ್ತಿದ್ದರು. ನಕ್ಷೆ ತೋರಿಸಿದ ದಿನ ಆ ಚೌಕದ ಮೇಲೆ ಬೆರಳಿಟ್ಟು, “ಇದು ಬರೀ ನಂಗಾ?” ಅಂತ ಕೇಳಿದರು. ಹೂಂ ಅಂದದ್ದಕ್ಕೆ “ನಂಗ್ಯಾಕವ್ವ ಅವೆಲ್ಲ” ಅಂದರು. ಅಂದರೂ ಬೆರಳು ತೆಗೆಯಲಿಲ್ಲ. ಆ ಕೋಣೆ ಇಲ್ಲದಿದ್ದರೆ ಮನೆಯೇ ಬೇಡ ಅಂತ ಸುಮಾ ಆವತ್ತೇ ತೀರ್ಮಾನಿಸಿದಳು.

ಮುಹೂರ್ತ ನೋಡುವ ಮನೆಯಲ್ಲ ಅದು. ದಸರಾ ಮುಗಿದ ಮೇಲೆ ಬರುವ ಭಾನುವಾರ ಬುದ್ಧವಂದನೆ ಮಾಡಿ ಪಾಯ ತೋಡುವುದು ಅಂತಾಯಿತು. ಶನಿವಾರ ಬೆಳಿಗ್ಗೆ ಸುಮಾ ಮಾವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸೈಟಿಗೆ ಬಂದಳು. ಮಹದೇವು ಮೇಸ್ತ್ರಿ ಆಗಲೇ ಸುಣ್ಣದ ಗೆರೆ ಎಳೆದಿದ್ದ.

“ನೋಡಿ ಮಾವ, ನಿಮ್ಮ ರೂಮು,” ಅಂತ ಹಿಂದಿನ ಮೂಲೆ ತೋರಿಸಿದಳು.

ಹುಚ್ಚಯ್ಯ ಚಪ್ಪಲಿ ಕಳಚಿದರು. ಬರಿಗಾಲಲ್ಲಿ ಆ ಮೂಲೆಯಲ್ಲಿ ನಿಂತರು, ಹಿಮ್ಮಡಿ ಒತ್ತಿದರು, ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಒತ್ತಿದರು. ಅಲ್ಲಿನ ಹುಲ್ಲು ಕಿತ್ತು ಬೇರು ಮೂಸಿದರು. ಐದು ನಿಮಿಷವಾಗಿರಬಹುದು.

“ಈ ರೂಮು ಬ್ಯಾಡ ಕಣವ್ವ,” ಅಂದರು.

ಸುಮಾಳಿಗೆ ರೇಗಿಹೋಯಿತು. “ಮತ್ತೆ ಅದೇ ರಾಗ ತೆಗೀಬೇಡಿ ಮಾವ. ನಿಮ್ಮ ಸಂಕೋಚ ಕಟ್ಕೊಂಡು ನನಗೆ ಸಾಕಾಗಿದೆ.”

“ಸಂಕೋಚ ಅಲ್ಲ ಕಣವ್ವ. ಇಲ್ಲಿ ನೀರೈತೆ, ಅಡೀಲಿ.”

“ಇದು ಒಣಹೊಲ ಆಗಿತ್ತು. ಈ ಲೇಔಟು ಅಳೆದೋಳೇ ನಾನು. ಹಳೇ ಗ್ರಾಮನಕ್ಷೇನೂ ನೋಡಿದೀನಿ. ಕಾಲುವೆ ಇಲ್ಲ, ಹಳ್ಳ ಇಲ್ಲ.”

“ನಕ್ಸೆ ಬರ್ಯೋಕ್ ಮುಂಚೇನೇ ಊತೋಗಿದ್ರೆ?” ಅಂತ ಕೇಳಿ ಹಿಂದಿನ ಮನೆಯಾಚೆಗಿನ ಎತ್ತರದ ರಸ್ತೆಯತ್ತ ಕೈ ಮಾಡಿದರು. “ಆ ರಸ್ತೆ ನಿನ್ ನಕ್ಸೇಲಿ ಏನೂಂತ ಐತೆ?”

“ಗಾಡಿ ಜಾಡು ಅಂತ.”

“ಬಟ್ಟಬಯಲಲ್ಲಿ ಎತ್ತು ಯಾಕವ್ವ ಡೊಂಕಾಗ್ ನಡೀತವೆ? ದಾರಿ ಮಾಡೋರು ನ್ಯಾರಕ್ಕೆ ಮಾಡ್ತರೆ. ಕುಡ್ಲಂಗೆ ಬಗ್ಗಿರೋದು ಕೆರೆ ಏರಿ. ಏರಿ ಮ್ಯಾಲೆ ಆಮೇಕೆ ಗಾಡಿ ಓಡಾಡವೆ.”

ಸುಮಾ ರಸ್ತೆಯನ್ನು ನೋಡಿದಳು. ಆರು ವರ್ಷದ ಹಿಂದೆ ಆ ಬಾಗನ್ನು ಅವಳೇ ಅಡಿ, ಇಂಚು ಲೆಕ್ಕದಲ್ಲಿ ಅಳೆದಿದ್ದಳು. ಯಾಕೆ ಬಾಗಿದೆ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

“ಏರಿ ಇದ್ಮೇಲೆ ತೂಬು ಇರ್ಬೇಕು. ಬಾ,” ಅಂತ ಹುಚ್ಚಯ್ಯ ಹೊರಟೇಬಿಟ್ಟರು. ಮಂಡಿನೋವಿನ ಮನುಷ್ಯ ಆ ನಡಿಗೆ ಎಲ್ಲಿಂದ ತಂದರೋ!

ರಸ್ತೆಯಾಚೆ ತಗ್ಗಿನಲ್ಲಿ, ಕಸ ಸುರಿದು ಅರ್ಧ ಮುಚ್ಚಿದ ಗುಂಡಿಯ ಪಕ್ಕ, ಆಳೆತ್ತರದ ಎರಡು ಕಲ್ಲುಕಂಬಗಳಿದ್ದವು. ನಡುವೆ ತೂತು ಕೊರೆದ ಅಡ್ಡಗಲ್ಲುಗಳು. ಬಡಾವಣೆಯವರು ಅದಕ್ಕೆ ಜೋಡಿಕಲ್ಲಮ್ಮ ಅಂತ ಹೆಸರಿಟ್ಟು ಅರಿಶಿನ ಕುಂಕುಮ ಮೆತ್ತಿದ್ದರು. ಸುಮಾಳ ಸೈಟಿನ ಹಿಂದಿನ ಮನೆಯ ಸರೋಜಮ್ಮ ಆಗಷ್ಟೇ ದೀಪ ಹಚ್ಚಿ ಎದ್ದಿದ್ದರು.

ಕುಂಕುಮ ಕಂಡದ್ದೇ ಹುಚ್ಚಯ್ಯ ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟರು. ಅದು ಯಾವ ಅಭ್ಯಾಸ ಅಂತ ಸುಮಾಳಿಗೆ ಗೊತ್ತಿತ್ತು.

“ಬನ್ನಿ ಯಜಮಾನ್ರೇ, ಅಮ್ಮ ಯಾರ್ಗೂ ಬ್ಯಾಡ ಅನ್ನಲ್ಲ,” ಅಂದರು ಸರೋಜಮ್ಮ.

ಹುಚ್ಚಯ್ಯ ಬಂದರು. ಕೈ ಮುಗಿಯಲಿಲ್ಲ. ಅಡ್ಡಗಲ್ಲಿನ ತೂತಿನೊಳಗೆ ಮೊಣಕೈವರೆಗೂ ಕೈ ಹಾಕಿ ಸುತ್ತ ಸವರಿದರು. ಆಮೇಲೆ ಬಲಗಡೆಯ ಕಂಬ ಸವರಿದರು, ಎಡಗಡೆಯದನ್ನೂ ಸವರಿದರು, ಗಟ್ಟಿಯಾಗಿ ನಕ್ಕರು.

“ಇವ್ನು ಎಡಚ ಕಣವ್ವ!”

“ಯಾರು ಮಾವ?”

“ಇಲ್ಲಿ ತೂಬು ಎತ್ತುತಿದ್ದೋನು. ಈ ತೂತಲ್ಲಿ ಮರದ ಗಳ ಇರ್ತದೆ, ಅದ್ರ ತುದೀಲಿ ಬಿರಟೆ. ಗಳ ಎತ್ತುದ್ರೆ ನೀರು ಏರಿ ಅಡೀಲಿ ಕಾಲ್ವೆಗ್ ಓಯ್ತದೆ. ಎಲ್ರೂ ಎಡಗೈನ ಕಂಬಕ್ಕೂರಿ ಬಲಗೈಲಿ ಎತ್ತುತರೆ. ಇಲ್ನೋಡು, ಸವ್ದಿರೋದು ಬಲಗಡೆ ಕಂಬ. ಗಿಡ್ಡ ಆಳು, ನನ್ನ ಎದೆಮಟ್ಟ. ಕಲ್ಲು ಈಟು ನುಣ್ಣಗಾಗ್ಬೇಕಾದ್ರೆ ಒಬ್ನೇ ಅಲ್ಲ, ಮಗನೂ ಎಡಚನೇ ಇರ್ಬೇಕು.”

ಸುಮಾಳೂ ಸವರಿ ನೋಡಿದಳು. ಕುಂಕುಮದ ಕೆಳಗೆ ಅಂಗೈ ಅಗಲದ ನುಣುಪು ನಿಜಕ್ಕೂ ಇತ್ತು. ಯಾವ ದಾಖಲೆಯಲ್ಲೂ ಹೆಸರಿಲ್ಲದ ಒಬ್ಬ ಗಿಡ್ಡ ಮನುಷ್ಯ ಕೈಯೂರಿದ ಜಾಗದಲ್ಲಿ ತನ್ನ ಕೈ ಇದೆ ಅನಿಸಿ ಮೈ ಜುಮ್ಮೆಂದಿತು.

“ನಿಮಗೆ ಇದೆಲ್ಲ ಹೇಗೆ ಗೊತ್ತು ಮಾವ?”

“ನಮ್ದು ನೀರುಗಂಟಿ ಮನೆ. ನಮ್ಮಪ್ಪ, ತಾತ, ಎಲ್ಲಾ ಇದೇ. ಯಾರ ಗದ್ದೆಗೆ ಎಷ್ಟೊತ್ತು ನೀರು ಅಂತ ಊರೋರು ನಮ್ಮನ್ನೇ ಕೇಳ್ಬೇಕು. ಕೆರೆ ಪೂಜೆ ದಿನ ಮಾತ್ರ ನಾವು ಏರಿ ಕೆಳಗೇ ನಿಂತ್ಕೋಬೇಕು. ಅದ್ಕೇ ಯೋಳ್ಕೊಳಕ್ ಓಗ್ಲಿಲ್ಲ ಬುಡು.”

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಕೆಲಸದ ಮೇಲೆ ಎಲ್ಲೆಲ್ಲಿಯದೋ ಕಾಣೆಯಾದ ಕಾಲುವೆಗಳನ್ನು ಹುಡುಕಲು ಸುಮಾ ಕಚೇರಿ ಕಚೇರಿ ಅಲೆದು, ಧೂಳು ಹಿಡಿದ ನಕ್ಷೆಗಳನ್ನು ಬಿಡಿಸಿ ಕಣ್ಣು ಕೆಡಿಸಿಕೊಂಡವಳು. ಹತ್ತು ವರ್ಷದಿಂದ ಒಂದೇ ಸೂರಿನಡಿ ಇರುವ ಮಾವನನ್ನು ಊಟ ಆಯಿತಾ, ಮಾತ್ರೆ ತಗೊಂಡ್ರಾ ಅಂತ ಬಿಟ್ಟರೆ ಬೇರೆ ಏನನ್ನೂ ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಹೆಮ್ಮೆಯಾಯಿತು.

ಸರೋಜಮ್ಮನ ಮುಖ ಸಪ್ಪಗಾಗಿತ್ತು. “ಅಂಗಾರೆ ಇದು ದ್ಯಾವ್ರಲ್ವಾ?”

“ಊರ್ಗೆಲ್ಲ ಅನ್ನ ಇಕ್ಕಿರೋಳು ಕಣ್ರವ್ವ. ದೀಪ ಅಚ್ಚಿ, ತಪ್ಪೇನೈತೆ?” ಅಂದ ಹುಚ್ಚಯ್ಯ, ಕಂಬಗಳ ನೇರಕ್ಕೆ ಕಣ್ಣಿಟ್ಟು ಸರೋಜಮ್ಮನ ಮನೆ ನೋಡಿದರು. “ನಿಮ್ ಮನೇಲಿ ಈ ಕಡೆ ಮೂಲೆ ತ್ಯಾವ ಬತ್ತದಾ?”

“ಅಡ್ಗೆಮನೆ! ಮಳೆ ಬಂದ್ರೆ ನೆಲ ಬೆವರ್ತದೆ. ಪೈಪು ಸೋರ್ತದೆ ಅಂತ ಎರಡ್ಸಲ ಒಡೆಸಿದ್ವಿ.”

“ಪೈಪಲ್ಲ. ಇಲ್ಲಿಂದ ನಿಮ್ಮಡ್ಗೆಮನೆ, ಅಲ್ಲಿಂದ ನಮ್ಮ ಮೂಲೆ. ಒಂದೇ ಗೆರೆ.”

ಅಷ್ಟಾದರೂ ಸುಮಾ ಅಗೆಸಿಯೇ ನೋಡಿದಳು. ತನ್ನ ಅಳತೆ ಗೆಲ್ಲಲಿ ಅಂತಲ್ಲ, ಮಾವನ ಮಾತು ಈ ಒಂದು ಸಲ ಸುಳ್ಳಾಗಲಿ, ಆ ಕೋಣೆ ಉಳಿಯಲಿ ಅಂತ. ಮಹದೇವು ಹಾರೆ ಹಿಡಿದ. ಎರಡಡಿಗೆ ಕೆಮ್ಮಣ್ಣು ಮುಗಿಯಿತು. ಮೂರಡಿಗೆ ಕಪ್ಪು ಜೇಡಿ, ಅದರ ತುಂಬ ಬಸವನಹುಳುವಿನ ಚಿಪ್ಪು. ನಾಲ್ಕಡಿಗೆ ಹಾರೆ ಠಣ್ ಅಂದಿತು. ಮಣ್ಣು ಬಿಡಿಸಿದರೆ ಉಳಿ ಏಟು ಬಿದ್ದ ಎರಡು ಸಾಲು ಕಲ್ಲು, ನಡುವೆ ಮೊಳದಗಲದ ದಾರಿ. ನೋಡನೋಡುತ್ತಿದ್ದಂತೆ ಅದರಲ್ಲಿ ನೀರು ಜಿನುಗಿತು.

ಹುಚ್ಚಯ್ಯ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. “ಕೆರೇನೇ ಸತ್ತೋಗದೆ, ಇದು ಇನ್ನೂ ದಾರಿ ಮರ್ತಿಲ್ಲ,” ಅಂದರು.

ಮಹದೇವು ಬೆವರು ಒರೆಸಿಕೊಂಡ. “ಬುಡಿ ಮೇಡಂ, ಕಾಂಕ್ರೀಟ್ ಸುರ್ದು ಮುಚ್ಚಾಕ್ಬುಡಾಣ. ಯಾರಿಗ್ ಗೊತ್ತಾಯ್ತದೆ?”

“ಮುಚ್ಚುದ್ರೆ ಆಯಮ್ಮನ ಅಡ್ಗೆಮನೇಲಿ ಏಳ್ತದೆ,” ಅಂದರು ಹುಚ್ಚಯ್ಯ. “ನೀರು ಬುಟ್ಟು ಬಾಳ್ದೋರು ನಾವು. ಅಡ್ಡ ಕಟ್ಟಿ ಮನೆ ಮಾಡ್ಕೊಳೋದು ಬ್ಯಾಡ. ಆ ಮೂಲೆ ಅಂಗೇ ಬುಟ್ಬುಡವ್ವ. ನಂಗೆ ನಡುಮನೆ ಸಾಕು.”

ಸುಮಾ ಮಾವನನ್ನೇ ನೋಡಿದಳು. ಬೆಳಿಗ್ಗೆ ಬರಿಗಾಲು ಊರಿದ ಐದೇ ನಿಮಿಷದಲ್ಲಿ ಈ ಮನುಷ್ಯನಿಗೆ ಎಲ್ಲ ತಿಳಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಪಾಯ ಬೀಳುತ್ತಿತ್ತು, ಆರು ತಿಂಗಳಲ್ಲಿ ಕೋಣೆ ಏಳುತ್ತಿತ್ತು. ಬದುಕಿನಲ್ಲಿ ಒಮ್ಮೆ ಕೈಗೆ ಬಂದದ್ದನ್ನು ತಾವೇ ಅಳಿಸಿಬಿಟ್ಟರು, ಅದೂ ಎರಡು ಗಂಟೆಯ ಕೆಳಗೆ ಪರಿಚಯವಾದ ಹೆಂಗಸಿನ ಅಡುಗೆಮನೆಗಾಗಿ. ಇಂಥವರ ಸೊಸೆ ತಾನು ಅಂತ ಅವಳು ಮೊದಲ ಸಲ ತಿಳಿದುಕೊಂಡಂತಿತ್ತು.

ಅವಳು ನಕ್ಷೆಯನ್ನು ಇಟ್ಟಿಗೆ ರಾಶಿಯ ಮೇಲೆ ಹರಡಿದಳು. ಹಿಂದಿನ ಬಲಮೂಲೆಯನ್ನು ಹೊಡೆದು ಹಾಕಿದಳು. ಆಮೇಲೆ ಪೋರ್ಟಿಕೊ ಹೊಡೆದು ಹಾಕಿದಳು.

“ಮಹದೇವು, ಮಾವನ ರೂಮು ಇಲ್ಲಿ, ಮುಂದುಗಡೆ. ಬಾಗಿಲು ರಸ್ತೆಗೆ.”

“ಸಾರ್ ಕಾರು?”

“ಕಾರು ಬಂದಾಗ ನೋಡೋಣ. ಸಾರ್‌ಗೆ ನಾನು ಹೇಳ್ತೀನಿ.”

ಹುಚ್ಚಯ್ಯ ಗಾಬರಿಯಾದರು. “ಮುಂದ್ಗಡೆ ನಂಗ್ಯಾಕವ್ವ? ಮನೆಗ್ ಬಂದೋರು ಮೊದ್ಲು ನನ್ನೇ ನೋಡ್ತರೆ.”

“ನೋಡಲಿ ಮಾವ,” ಅಂದಳು ಸುಮಾ.

ಮಹದೇವು ದಾರ ಬಿಗಿದು ಹೊಸದಾಗಿ ಸುಣ್ಣ ಎಳೆದ. ರಸ್ತೆಯ ಕಡೆ ಬಾಗಿಲಿಗೆ ಅಂತ ಮೂರಡಿ ಬಿಟ್ಟ. ಬೆಳಿಗ್ಗೆಯಿಂದ ಆ ಗೆರೆಗಳನ್ನೆಲ್ಲ ದಾಟಿಕೊಂಡೇ ಓಡಾಡಿದ್ದ ಹುಚ್ಚಯ್ಯ ಈಗ ಗೆರೆ ದಾಟಲಿಲ್ಲ. ರಸ್ತೆಗೆ ಹೋಗಿ, ಸುತ್ತಿಕೊಂಡು ಬಂದು, ಸುಣ್ಣ ಬಿಟ್ಟ ಆ ಮೂರಡಿಯ ಮುಂದೆ ಒಂದು ಗಳಿಗೆ ನಿಂತು, ತಲೆಬಾಗಿಲಿಗೆ ತಗ್ಗುವಂತೆ ತಲೆ ತಗ್ಗಿಸಿ ಒಳಗೆ ಹೋದರು.